ಕೊಳೆ ಸುಳ್ಳು ಹೇಳುವುದಿಲ್ಲ

ನಮ್ಮ ಅತ್ತೆಯ ಕೈಗೆ ಕಾದಂಬರಿ ಕೊಟ್ಟರೆ ಅವಳು ಹೆಸರು ನೋಡುತ್ತಿರಲಿಲ್ಲ, ಬರೆದವರು ಯಾರು ಎಂದೂ ನೋಡುತ್ತಿರಲಿಲ್ಲ. ಪುಸ್ತಕವನ್ನು ಮುಚ್ಚಿದ ಹಾಗೆಯೇ ಅಡ್ಡ ಹಿಡಿದು ಹಾಳೆಗಳ ಅಂಚು ನೋಡುತ್ತಿದ್ದಳು. ಜನ ಓದಿದ ಪುಟಗಳ ಅಂಚು ಬೆರಳಿನ ಬೆವರಿಗೆ, ಕೊಳೆಗೆ ಕಂದಿರುತ್ತದೆ. ಓದದ ಪುಟ ಬೆಳ್ಳಗೇ ಉಳಿದಿರುತ್ತದೆ. ನಾನೂರು ಪುಟದ ಕಾದಂಬರಿ ಅರವತ್ತರವರೆಗೆ ಕಂದಿ, ಅಲ್ಲಿಂದಾಚೆ ಫಳಫಳ ಹೊಳೆಯುತ್ತಿದ್ದರೆ ಅತ್ತೆ ನನಗೆ ತೋರಿಸಿ ಹೇಳುತ್ತಿದ್ದಳು: "ನೋಡೇ, ಊರೆಲ್ಲಾ ಸೇರಿ ಇವನನ್ನ ಅರವತ್ತನೇ ಪುಟದಲ್ಲಿ ಕೈಬಿಟ್ಟಿದೆ. ಓದಿದ್ದೀನಿ ಅಂತ ಜನ ಸುಳ್ಳು ಹೇಳ್ತಾರೆ. ಕೊಳೆ ಸುಳ್ಳು ಹೇಳಲ್ಲ."

ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ನಮ್ಮ ಊರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕಗಳಿಗೆ ಬೈಂಡಿಂಗ್ ಮಾಡಿದವಳು. ನಾನು ಅದೇ ಗ್ರಂಥಾಲಯದಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಪುಸ್ತಕ ಕೊಡುವವಳು, ತೆಗೆದುಕೊಳ್ಳುವವಳು, ತಡವಾಗಿ ತಂದವರನ್ನು ಗದರುವವಳು. ಅವಳದು ಹಿಂದಿನ ಕೋಣೆ. ಒಂದು ಕಿಟಕಿ, ಒಂದು ಉದ್ದ ಮೇಜು, ಕಬ್ಬಿಣದ ತಿರುಪಿನ ಪ್ರೆಸ್ಸು, ರಟ್ಟುಗಳ ರಾಶಿ, ಮೇಣ ಸವರಿದ ದಾರದ ಉಂಡೆ. ಮೈದಾ ಅಂಟಿಗೆ ಹುಳ ಬೀಳದಿರಲಿ ಎಂದು ಮೈಲುತುತ್ತ ಬೆರೆಸುತ್ತಿದ್ದಳು. ಅದರ ವಾಸನೆಗೆ ಹುಳ ಮಾತ್ರವಲ್ಲ, ಮೇಲಧಿಕಾರಿಗಳೂ ಆ ಕಡೆ ಸುಳಿಯುತ್ತಿರಲಿಲ್ಲ. ಅದು ಅವಳಿಗೆ ಬೇಕಾದದ್ದೂ ಹೌದು.

ಓದದೆ ಯಾವ ಪುಸ್ತಕವನ್ನೂ ಹೊಲಿಯಬಾರದು ಎಂಬುದು ಅವಳ ನಿಯಮ. "ಒಳಗೇನಿದೆ ಅಂತ ನೋಡದೆ ಹೊಟ್ಟೆ ಹೊಲಿದು ಕಳಿಸೋಕೆ ನಾನೇನು ಅವಸರದ ಡಾಕ್ಟರಾ?" ಎನ್ನುತ್ತಿದ್ದಳು. ಓದಿದ ಮೇಲೆ ಅಭಿಪ್ರಾಯ ಬೇಡವೇ? ಬೇಕು. ಆದರೆ ಬೈಂಡಿಂಗಿನವಳ ಅಭಿಪ್ರಾಯ ಯಾರಿಗೆ ಬೇಕು? ಅದಕ್ಕೆ ಅವಳೇ ಒಂದು ಉಪಾಯ ಕಂಡುಕೊಂಡಿದ್ದಳು. ರಟ್ಟಿನ ಒಳಮೈಗೆ ಅಂಟಿಸುತ್ತಾರಲ್ಲ ಬಿಳಿ ಹಾಳೆ, ಅದರ ಅಂಟು ಹಚ್ಚುವ ಕಡೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದು, ಬರಹ ಒಳಗಾಗುವಂತೆ ಅಂಟಿಸಿಬಿಡುತ್ತಿದ್ದಳು. ಹತ್ತು ವರ್ಷ ಕಳೆದು ಪುಸ್ತಕ ಮತ್ತೆ ಹರಿದು ಬಂದು, ಹಾಳೆ ಕಿತ್ತಾಗ ಮಾತ್ರ ಅದು ಬೆಳಕು ಕಾಣಬೇಕು. ಕೀಳುವವಳೂ ಅವಳೇ ಆದ್ದರಿಂದ ಬರೆದವಳೂ ಓದುವವಳೂ ಒಬ್ಬಳೇ. ಎಷ್ಟೋ ದೊಡ್ಡ ಸಾಹಿತಿಗಳ ಪಾಡೂ ಇದೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಅಂಟಿಸುವ ಮುಂಚೆ ನನಗೆ ಓದಿ ಹೇಳುತ್ತಿದ್ದಳು, ಹಾಗಾಗಿ ಕೆಲವು ನೆನಪಿವೆ. ಹಸಿರು ರಟ್ಟಿನ ಒಂದು ಪ್ರೇಮಕಥೆಗೆ ಬರೆದದ್ದು: "ನಾಯಕಿ ಹನ್ನೊಂದು ಸಲ ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಾಳೆ. ಒಂದು ಸಲವಾದರೂ ಕಿಟಕಿ ಒರೆಸಬಹುದಿತ್ತು." ದೊಡ್ಡ ಬಹುಮಾನ ಬಂದ ಕಾದಂಬರಿಗೆ: "ನನಗೆ ಅರ್ಥವಾಗಲಿಲ್ಲ. ಬರೆದವನಿಗೆ ಆಗಿದ್ದರೆ ಸಾಕು. ಆಗಿಲ್ಲ ಅನ್ನಿಸುತ್ತೆ." ಮೂರು ತಲೆಮಾರಿನ ದಪ್ಪ ಕಥೆಯೊಂದಕ್ಕೆ, ಇಪ್ಪತ್ತೆರಡು ಜನರಿರುವ ಆ ಮನೆಯಲ್ಲಿ ಒಬ್ಬರೂ ಪಾತ್ರೆ ತೊಳೆದದ್ದು ಕಾಣಲಿಲ್ಲ ಎಂದು ಬರೆದಿದ್ದಳು. ಕೊಲೆ ಕಥೆಯೊಂದರಲ್ಲಿ ಕೊಂದವನು ಯಾರೆಂದು ಇಪ್ಪತ್ತನೇ ಪುಟದ ಮೂಲೆಯಲ್ಲಿ ಯಾವನೋ ಪುಣ್ಯಾತ್ಮ ಗೀಚಿಟ್ಟಿದ್ದ. ಅತ್ತೆ ಅವನಿಗೆ ಒಂದು ಸಾಲಿನ ಧನ್ಯವಾದ ಬರೆದು, ಮೂರು ದಿನ ಉಳಿಯಿತು ಎಂದು ಸೇರಿಸಿದ್ದಳು.

ಹೊಗಳಿದ್ದೇ ಇಲ್ಲ ಎಂದುಕೊಳ್ಳಬೇಡಿ. ತೆಳ್ಳನೆಯದೊಂದು ಕಾದಂಬರಿ, ಬಸ್ ಕಂಡಕ್ಟರನ ಒಂದು ದಿನದ ಕಥೆ, ರಟ್ಟೂ ಹೋಗಿ ಮೊದಲ ಪುಟವೂ ಹೋಗಿ ಬಂದಿತ್ತು. ಅದನ್ನು ಓದಿ ಅತ್ತೆ ಎರಡು ದಿನ ಯಾರ ಮೇಲೂ ರೇಗಲಿಲ್ಲ. ಬೀರುವಿನ ತಳದಲ್ಲಿ ಬಚ್ಚಿಟ್ಟಿದ್ದ ಒಳ್ಳೆಯ ಕೆಂಪು ಬಟ್ಟೆ ತೆಗೆದು ಅದಕ್ಕೆ ಹೊದಿಸಿದಳು. "ಇದಕ್ಕೆ ನನ್ನ ಒಳ್ಳೆ ಬಟ್ಟೆ ಹಾಕಿದ್ದೇನೆ" ಎಂದಷ್ಟೇ ಬರೆದಳು. ಅದಕ್ಕಿಂತ ದೊಡ್ಡ ಬಹುಮಾನ ನಾನು ಕಂಡಿಲ್ಲ.

ಮನುಷ್ಯರನ್ನೂ ಅವಳು ಅದೇ ಅಳತೆಯಲ್ಲಿ ಅಳೆಯುತ್ತಿದ್ದಳು. ತೀರಿಹೋದ ನಮ್ಮ ಮಾವನ ಬಗ್ಗೆ ಒಮ್ಮೆ ಕೇಳಿದ್ದಕ್ಕೆ, "ಒಳ್ಳೆಯವರೇ. ನೂರು ಪುಟದ ಮನುಷ್ಯ, ಇನ್ನೂರು ಪುಟಕ್ಕೆ ಎಳೆದ್ರು" ಎಂದಿದ್ದಳು. ದಾರಕ್ಕೆ ಗಂಟು ಹಾಕಿ, "ಎಳೆದಿದ್ದು ಒಳ್ಳೇದೇ ಆಯ್ತು" ಎಂದೂ ಸೇರಿಸಿದಳು.

ಇಷ್ಟರಲ್ಲಿ ಅವಳ ಕಣ್ಣು ಕೈಕೊಡತೊಡಗಿತ್ತು. ನನಗೆ ಗೊತ್ತಾದದ್ದು ಒಂದು ಕಾದಂಬರಿಯ ಹದಿನಾರು ಪುಟ ತಲೆಕೆಳಗಾಗಿ ಹೊಲಿದುಕೊಂಡು ಬಂದಾಗ. ಬಹುಮಾನ ಬಂದ ಆ ಕಾದಂಬರಿಯೇ ಆದ್ದರಿಂದ ಓದುಗರ್‍ಯಾರೂ ದೂರು ಕೊಡಲಿಲ್ಲ. ನಾನು ಹಿಡಿದು ಕೇಳಿದಾಗ, "ನರ ಒಣಗ್ತಾ ಇದೆಯಂತೆ, ಕನ್ನಡಕದಿಂದ ಆಗೋದಲ್ವಂತೆ. ಹೊರಗೆ ಬಾಯಿ ಬಿಟ್ಟೆಯೋ, ದಬ್ಬಣ ತಗೊಂಡು ಬಾಯಿ ಹೊಲಿದುಬಿಡ್ತೀನಿ" ಎಂದಳು. ಬೈಂಡಿಂಗನ್ನೆಲ್ಲಾ ಹೊರಗಿನ ಯಂತ್ರದವರಿಗೆ ಕೊಡಬೇಕು ಎಂಬ ಮಾತು ಆಗಲೇ ಗ್ರಂಥಾಲಯದ ಸಮಿತಿಯಲ್ಲಿ ಓಡಾಡುತ್ತಿತ್ತು. ಕಣ್ಣಿನ ಸುದ್ದಿ ಸಿಕ್ಕರೆ ಮುಗಿದೇ ಹೋಯಿತು. ಕೆಲಸ ಹೋದರೆ ಹೇಗೋ ಬದುಕಿಯಾಳು. ಆ ಕೋಣೆ ಹೋದರೆ, ದಿನಾ ಬಂದು ಬೀಳುವ ಹರಕು ಕಾದಂಬರಿಗಳು ಹೋದರೆ, ಅತ್ತೆ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಆವತ್ತಿನಿಂದ ಊಟದ ಬಿಡುವಿನಲ್ಲಿ ನಾನು ಓದುವುದು, ಅವಳು ಕೇಳುತ್ತಾ ಹೊಲಿಯುವುದು. ಆ ಎರಡು ಸಾಲು ಮಾತ್ರ ಅವಳೇ ಬರೆಯುತ್ತಿದ್ದಳು, ಪೆನ್ಸಿಲ್ ಒತ್ತಿ ಒತ್ತಿ.

ಹಲ್ಲಿನ ಡಾಕ್ಟರು ಈ ಕಥೆಗೆ ಬರುವುದು ಈಗ. ಅವರು ನಮ್ಮ ಸಮಿತಿಯ ಅಧ್ಯಕ್ಷರು, ಮೇಲಾಗಿ ಕಾದಂಬರಿಕಾರರು. ನಲವತ್ತು ವರ್ಷ ಊರಿನವರ ಬಾಯಿಗೆ ಇಕ್ಕಳ ಹಾಕಿ, ಹಲ್ಲು ಕೀಳುತ್ತಾ ತಮ್ಮ ಕಾದಂಬರಿಯ ಕಥೆ ಹೇಳಿದವರು. ಕೊನೆಗೆ ಅದನ್ನು ತಾವೇ ಅಚ್ಚು ಹಾಕಿಸಿ ಗ್ರಂಥಾಲಯಕ್ಕೆ ಕಾಣಿಕೆ ಕೊಟ್ಟರು. ಐನೂರ ಹನ್ನೆರಡು ಪುಟ. ಅದರ ರಟ್ಟು ಕಳಚಿತು. ಜನ ಓದಿ ಓದಿ ಅಲ್ಲ, ಕಿಟಕಿ ಗಾಳಿಗೆ ಬಡಿಯದಿರಲಿ ಎಂದು ನಾನು ದಿನಾ ಅಡ್ಡ ಇಟ್ಟು ಇಟ್ಟು. ಬೈಂಡಿಂಗಿಗೆ ಕಳಿಸಿದೆ. ನಿಯಮ ನಿಯಮವೇ, ಮೂರು ವಾರ ಅಷ್ಟನ್ನೂ ಅತ್ತೆಗೆ ಓದಿ ನನ್ನ ಗಂಟಲು ಕಟ್ಟಿತು.

ಅದು ಕಪಾಟಿಗೆ ಹೋಗಿ ಹದಿನೈದು ದಿನವಾಗಿರಬೇಕು. ಡಾಕ್ಟರು ಯಾರೋ ಅತಿಥಿಯನ್ನು ಕರೆತಂದು, "ಇದು ನನ್ನದು" ಎಂದು ಹೆಮ್ಮೆಯಿಂದ ರಟ್ಟು ತೆರೆದರು. ಒಳಮೈಯಲ್ಲಿ, ಎಲ್ಲರಿಗೂ ಕಾಣುವಂತೆ, ಪೆನ್ಸಿಲಿನ ಬರಹ: "ನಾಯಕ ಮೂವತ್ತೆಂಟನೇ ಪುಟದಲ್ಲಿ ಜ್ವರ ಬಂದು ಮಲಗಿದಾಗಲೇ ಹೋಗಿಬಿಟ್ಟಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಊರೂ ಅಲ್ಲೇ ಬಿಟ್ಟಿದೆ, ಕೊಳೆ ನೋಡಿ." ಹಾಳೆ ಮಗುಚಿ ಅಂಟಿತ್ತು. ಒಳಗೆ ಹೋಗಬೇಕಾದದ್ದು ಹೊರಗೆ ಬಂದಿತ್ತು. ಅತಿಥಿ ಕೆಮ್ಮಿದರು. ಕೆಮ್ಮಲ್ಲ ಅದು, ನಗು.

ಡಾಕ್ಟರು ಪುಸ್ತಕ ಹಿಡಿದು ನೇರ ಹಿಂದಿನ ಕೋಣೆಗೆ ನಡೆದರು. ನಾನು ಹಿಂದೆಯೇ ಓಡಿ, "ಯಾರೋ ಓದುಗರು ಗೀಚಿರ್ಬೇಕು ಸಾರ್" ಎಂದೆ.

"ನಾನೇ ಬರೆದಿದ್ದು" ಎಂದಳು ಅತ್ತೆ, ಸೂಜಿ ಕೆಳಗಿಡದೆ. "ಬರೆದಿದ್ದು ತಪ್ಪಲ್ಲ ಡಾಕ್ಟ್ರೇ. ಕಾಣೋ ಹಾಗೆ ಅಂಟಿಸಿದ್ದು ತಪ್ಪು. ಅದೊಂದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

"ನನ್ನ ಕಥೆ ಕೇಳಿ ಇಷ್ಟು ವರ್ಷದಲ್ಲಿ ಒಬ್ಬರೂ ಬೇಡ ಅಂದಿಲ್ಲಮ್ಮ!"

"ಬಾಯಲ್ಲಿ ಇಕ್ಕಳ ಇಟ್ಕೊಂಡು ಬೇಡ ಅನ್ನೋದು ಹೇಗೆ?"

ನಾನು ಗೋಡೆಗೆ ಒರಗಿದೆ. ಶನಿವಾರವೇ ಸಮಿತಿಯ ಸಭೆ, ಯಂತ್ರದ ಬೈಂಡಿಂಗಿನ ತೀರ್ಮಾನ ಆಗುವುದು ಅಲ್ಲೇ. ಮುಗಿಯಿತು ಎಂದುಕೊಂಡೆ. ಅತ್ತೆಯ ನೋಟ ತಮ್ಮ ಭುಜದಾಚೆ ಎಲ್ಲೋ ನೆಟ್ಟಿದ್ದು ಆಗ ಡಾಕ್ಟರಿಗೆ ಕಂಡಿತು. ಅತ್ತೆಯ ಮುಖದ ಮುಂದೆ ಮೆಲ್ಲಗೆ ಒಂದು ಬೆರಳು ಆಡಿಸಿದರು. ಅವಳ ಕಣ್ಣು ಕದಲಲಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದರು.

"ಒಂದೂವರೆ ವರ್ಷ." ಆಮೇಲೆ ಅತ್ತೆಯ ದನಿ ಸಣ್ಣದಾಯಿತು. "ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗಾಯ್ತು ನಂದು. ಹಲ್ಲಾದ್ರೆ ನೀವು ಕಟ್ಟಿಸಿ ಕೊಡ್ತೀರಿ. ಇದಕ್ಕೆ ಯಾರು ಕೊಡ್ತಾರೆ?"

ಅವಳು ಹಾಗೆ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನನಗೆ ಅಳು ಬಂತು. ಡಾಕ್ಟರು ರಟ್ಟಿನ ರಾಶಿಯ ಮೇಲೇ ಕೂತುಬಿಟ್ಟರು. ಗುಮಾಸ್ತೆಯ ಮುಂದೆ ಅರ್ಜಿ ಹಿಡಿದು ನಿಂತವರ ಹಾಗೆ ಕೇಳಿದರು: "ಮೂವತ್ತೆಂಟರಲ್ಲೇ ಯಾಕೆ?"

"ಅಲ್ಲಿವರೆಗೆ ನಿಮ್ಮ ನಾಯಕ ಹೆದರಿದ್ದ. ಹೆದರೋ ಡಾಕ್ಟ್ರು, ಚೆನ್ನಾಗಿತ್ತು. ಜ್ವರ ಬಿಟ್ಟಿದ್ದೇ ತಡ, ಎಲ್ಲಾ ಗೊತ್ತಿರೋನ ಹಾಗೆ ಭಾಷಣ ಶುರು ಹಚ್ಕೊಂಡ. ಎಲ್ಲಾ ಗೊತ್ತಿರೋನ ಜೊತೆ ಐನೂರು ಪುಟ ಯಾರಿರ್ತಾರೆ? ಹೆಂಡ್ತಿ ಇರ್ಬೋದು, ಅವಳಿಗೆ ಬೇರೆ ದಾರಿ ಇಲ್ಲ."

ಶನಿವಾರದ ಸಭೆಗೆ ನಾನು ಚಹಾ ತೆಗೆದುಕೊಂಡು ಹೋಗಿದ್ದೆ, ಅದಕ್ಕೇ ಕಿವಿಯಾರೆ ಕೇಳಿದೆ. "ಹೊಲಿಗೆ ಬೆರಳಿನ ಕೆಲಸ ಕಣ್ರೀ. ನಾನೂ ನಲವತ್ತು ವರ್ಷ ಸರಿಯಾಗಿ ಕಾಣದ ಜಾಗದಲ್ಲಿ ಬೆರಳು ನಂಬ್ಕೊಂಡೇ ಕೆಲಸ ಮಾಡಿದೋನು. ಬೈಂಡಿಂಗ್ ಇಲ್ಲೇ ಆಗ್ಲಿ" ಎಂದರು ಅಧ್ಯಕ್ಷರು. ಅವರ ಇಕ್ಕಳದ ರುಚಿ ಕಂಡಿದ್ದ ಸದಸ್ಯರೆಲ್ಲಾ ಅಭ್ಯಾಸಬಲದಿಂದ ತಲೆಯಾಡಿಸಿದರು.

ಆದರೆ ಅತ್ತೆಗೆ ಒಂದು ಶರತ್ತು ಬಂತು. ಡಾಕ್ಟರು ಹೊಸ ಕಾದಂಬರಿ ಬರೆಯುತ್ತಿದ್ದಾರೆ, ದಿನಾ ಮಧ್ಯಾಹ್ನ ಮೂರಕ್ಕೆ ಬಂದು ಓದುತ್ತಾರೆ, ಅತ್ತೆ ಕೇಳಬೇಕು, ಅನಿಸಿದ್ದನ್ನು ಹೇಳಬೇಕು. "ಇದಕ್ಕಿಂತ ಕೆಲಸದಿಂದ ತೆಗೆದಿದ್ರೇ ಚೆನ್ನಾಗಿತ್ತು" ಎಂದು ಅತ್ತೆ ಹಣೆ ಚಚ್ಚಿಕೊಂಡಳು. ಮೊದಲ ದಿನ ಎರಡೂವರೆಗೇ ಅಂಟಿನ ಪಾತ್ರೆ ಸರಿಸಿ, ಸ್ಟೂಲು ಒರೆಸಿ ಇಟ್ಟಿದ್ದಳು.

ಹೊಸ ಕಾದಂಬರಿ ಕೈ ನಡುಗತೊಡಗಿದ, ಮುದುಕನಾದ ಒಬ್ಬ ಹಲ್ಲಿನ ಡಾಕ್ಟರದ್ದು. ಓದು ಏಳು ತಿಂಗಳು ನಡೆಯಿತು. ಭಾಷಣ ಶುರುವಾದ ಕೂಡಲೇ ಅತ್ತೆ ದಬ್ಬಣ ಮೇಲೆತ್ತುತ್ತಿದ್ದಳು, ಡಾಕ್ಟರು ಆ ಪುಟ ಮಡಚಿ ಜೇಬಿಗಿಡುತ್ತಿದ್ದರು. ಒಂದೊಂದು ದಿನ ಅತ್ತೆಯ ಸೂಜಿ ನಿಂತೇ ಹೋಗುತ್ತಿತ್ತು. ಅಂಥ ದಿನ ಡಾಕ್ಟರು ಹೋಗುವಾಗ ನನ್ನ ಮೇಜಿನ ಬಳಿ ನಿಂತು, "ಇವತ್ತು ಸೂಜಿ ನಿಂತಿತ್ತು, ನೋಡಿದ್ಯೇನಮ್ಮ?" ಎಂದು ಕೇಳಿಯೇ ಹೋಗುತ್ತಿದ್ದರು. ಜಗಳವಾದದ್ದು ಕೊನೆಯ ಅಧ್ಯಾಯಕ್ಕೆ. ಅದರಲ್ಲಿ ಎಲ್ಲರೂ ಒಂದೆಡೆ ಸೇರಿ, ಅತ್ತು, ಒಬ್ಬರನ್ನೊಬ್ಬರು ಕ್ಷಮಿಸುತ್ತಾರೆ, ಹದಿನಾಲ್ಕು ಪುಟ. "ಕೈ ನಡುಗೋದರಲ್ಲೇ ನಿಲ್ಸಿ. ಇದು ಬೇಡ" ಎಂದಳು ಅತ್ತೆ. "ಓದುಗರಿಗೆ ಒಂದು ಸಮಾಧಾನ ಬೇಡ್ವಾ?" ಎಂದರು ಡಾಕ್ಟರು. ಇಟ್ಟೇ ಇಟ್ಟರು. ಆ ಜಗಳವಾದ ಮೇಲೂ ದಿನಾ ಮೂರಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ಕಪಾಟಿನಲ್ಲಿ ನಿಲ್ಲದೆ ಓಡಾಡಿತು. ಒಂದು ವರ್ಷಕ್ಕೇ ಬೆನ್ನು ಬಿಟ್ಟುಕೊಂಡು ಬೈಂಡಿಂಗಿಗೆ ಬಂತು. ಅಷ್ಟರಲ್ಲಿ ಅತ್ತೆಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವಳು ಪುಸ್ತಕವನ್ನು ಅಡ್ಡ ಹಿಡಿದು ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಓದಿದ ಪುಟ ಮೆತ್ತಗಿರುತ್ತದೆ, ಓದದ ಪುಟ ಚೂಪು. ಬೆರಳು ಮೆಲ್ಲಗೆ ಹೋಯಿತು, ಹೋಗುತ್ತಲೇ ಇತ್ತು. ಕಡೆಗೆ ಇನ್ನೇನು ರಟ್ಟು ಸಿಗಬೇಕು ಎನ್ನುವಾಗ ನಿಂತಿತು.

"ಇಲ್ಲಿಂದ ಎಷ್ಟು ಪುಟ ಇದೆ, ಎಣಿಸು."

ಎಣಿಸಿದೆ. ಹದಿನಾಲ್ಕು.

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಬೀರುವಿನ ತಳದಿಂದ ಕೆಂಪು ಬಟ್ಟೆ ತೆಗೆ ಎಂದಳು. ಬಿಳಿ ಹಾಳೆ ಕೊಟ್ಟು, "ಬರಿ. ಕೊನೆಯ ಹದಿನಾಲ್ಕು ಪುಟ ಬಿಟ್ಟರೆ ಒಳ್ಳೆಯ ಕಾದಂಬರಿ. ನಾನು ಮೊದಲೇ ಹೇಳಿದ್ದೆ. ಇದಕ್ಕೆ ನನ್ನ ಒಳ್ಳೆಯ ಬಟ್ಟೆ ಹಾಕಿದ್ದೇನೆ. ಒತ್ತಿ ಬರಿಯೇ, ಪೆನ್ಸಿಲ್ಲಿಗೇನು ಉಪವಾಸವಾ?" ಎಂದಳು.

ಒತ್ತಿಯೇ ಬರೆದೆ. ಬೇಕೆಂದೇ ಹಾಳೆ ಮಗುಚಿ, ಬರಹ ಹೊರಗಾಗುವಂತೆ ಅವಳ ಕೈಗೆ ಕೊಟ್ಟೆ. ಇಷ್ಟನ್ನು ಡಾಕ್ಟರು ಓದದೆ ಹೋದರೆ ಅನ್ಯಾಯ ಎನ್ನಿಸಿತು.

"ಬರಹ ಒಳಗಡೆಗೆ ತಾನೆ?"

"ಒಳಗಡೆಗೇ ಅತ್ತೆ."

ಅವಳ ಹೆಬ್ಬೆರಳು ಹಾಳೆಯ ಮೇಲೆ, ಪೆನ್ಸಿಲ್ ಊರಿ ತಗ್ಗಾದ ಗೆರೆಗಳ ಮೇಲೆ, ಒಮ್ಮೆ ಹೋಯಿತು. ಇನ್ನೊಮ್ಮೆ ಹೋಯಿತು. ಅವಳು ಹಾಳೆಯ ಹಿಂಬದಿಗೆ ಅಂಟು ಸವರಿ, ನಾನು ಕೊಟ್ಟ ಹಾಗೆಯೇ ಅಂಟಿಸಿ, ಪ್ರೆಸ್ಸಿನ ತಿರುಪು ತಿರುಗಿಸಿದಳು.

ನನಗೆ ಆಗ ಹೊಳೆಯಿತು. ಒತ್ತಿ ಬರೆದದ್ದು ಆ ಬೆರಳಿಗೆ ತಿಳಿಯುತ್ತದೆ. ಹಾಗಾದರೆ ಆವತ್ತೂ ತಿಳಿದಿರಬೇಕು.

"ಅತ್ತೆ, ಡಾಕ್ಟರ ಮೊದಲನೇ ಕಾದಂಬರಿಗೆ ಹಾಳೆ ಮಗುಚಿ ಅಂಟಿಸಿದ್ಯಲ್ಲ, ಅದು ಕಣ್ಣು ಕಾಣದೆ ಆಗಿದ್ದಾ?"

"ಮತ್ತೆ? ಕಣ್ಣು ಕಾಣದ ಮುದುಕಿಯನ್ನ ಏನೂಂತ ಕೇಳ್ತೀಯೆ" ಎಂದು, ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು. "ಹೋಗು, ಮೂರು ಗಂಟೆಯಾಯ್ತು. ಆ ಸ್ಟೂಲು ಒರೆಸಿಡು."