ಕುರ್ಚಿ ಸಿಕ್ಕ ಸಪ್ಲೈಯರ್

ಆ ಹೋಟೆಲಿನ ತುಂಬ ಕುರ್ಚಿಗಳಿದ್ದವು. ಕೆಲಸದವರು ಕೂರಲು ಒಂದೂ ಇರಲಿಲ್ಲ. ಗಿರಾಕಿಗಳೇ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲೂ ಸಪ್ಲೈಯರುಗಳು ಗೋಡೆಗೆ ಬೆನ್ನು ತಾಗಿಸದೆ ನಿಂತಿರಬೇಕು. ಕೂತವನನ್ನು ಕಂಡರೆ ಹೋಟೆಲು ಓಡುತ್ತಿಲ್ಲ ಅಂತ ಗಿರಾಕಿಗೆ ಅನ್ನಿಸುತ್ತದಂತೆ. ಇದು ಯಜಮಾನರ ಶಾಸ್ತ್ರ. ಈ ಶಾಸ್ತ್ರವನ್ನು ಅವರು ಗಲ್ಲಾದ ಮೆತ್ತನೆ ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದರು.

ಬಿರುಗಾಳಿ ಅಲ್ಲಿನ ಹಿರಿಯ ಸಪ್ಲೈಯರ್. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು. ಎಡಗೈ ಮೇಲೆ ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು, ಬಲಗೈಯ ಬೆರಳ ಸಂದಿಗಳಲ್ಲಿ ಲೋಟ ಸಿಕ್ಕಿಸಿಕೊಂಡು ಅವನು ಮೇಜುಗಳ ನಡುವೆ ನುಗ್ಗಿದನೆಂದರೆ ದಾರಿಯಲ್ಲಿ ಚಾಚಿದ್ದ ಕಾಲುಗಳು ತಾವಾಗಿ ಒಳಸರಿಯುತ್ತಿದ್ದವು. ಚೀಟಿ ಬರೆದುಕೊಂಡವನಲ್ಲ. ಯಾರಿಗೆ ಖಾರ ಕಮ್ಮಿ, ಯಾರ ಮಗುವಿಗೆ ಬಿಸಿನೀರು, ಎಲ್ಲ ತಲೆಯಲ್ಲಿ. "ಬಿರುಗಾಳಿ ಇಲ್ವಾ ಇವತ್ತು?" ಎಂದು ಕೇಳಿ ಮುಖ ಸಣ್ಣದು ಮಾಡಿಕೊಳ್ಳುವ ಗಿರಾಕಿಗಳಿದ್ದರು. ಅದು ಅವನ ಸುಖ. ಆ ಸುಖ ಸುಳ್ಳಲ್ಲ, ನಮ್ಮ ಕಾರ್ಮಿಕ ಸಂಘದ ಭಾಷಣಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ ಅಷ್ಟೇ.

ಕಷ್ಟವೆಲ್ಲ ಮೊಣಕಾಲ ಕೆಳಗಿತ್ತು. ಮೀನಖಂಡದ ನರಗಳು ಎರೆಹುಳದ ಹಾಗೆ ಗಂಟುಗಂಟಾಗಿ ಉಬ್ಬಿದ್ದವು. ಮನೆಗೆ ಬಂದವನೇ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗುತ್ತಿದ್ದ. ಹೆಂಡತಿ ಎಣ್ಣೆ ತಿಕ್ಕುತ್ತಿದ್ದಳು.

ಅದೇ ಹೋಟೆಲಿನ ಒಲೆಯ ಮುಂದೆ ನಿಲ್ಲುತ್ತಿದ್ದವನು ಅವಳ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂತ ಉಳಿದದ್ದು ಅವನೊಬ್ಬನೇ. ಅವನನ್ನು ಕರೆತಂದು ಕೆಲಸಕ್ಕೆ ಹಚ್ಚಿದವನು ಬಿರುಗಾಳಿಯೇ. ಅಡುಗೆಮನೆಯ ಕಿಂಡಿಯ ಆಚೆ ಈಚೆ ನಿಂತು ಭಾವ ಭಾಮೈದರ ಜಗಳ ಇಡೀ ದಿನ ನಡೆಯುತ್ತಿತ್ತು.

"ಏನ್ ಭಾವ, ನಿಂಗೆ ಹೊರಗೆ ಫ್ಯಾನು, ನಂಗೆ ಇಲ್ಲಿ ಬೆಂಕಿ. ಅಕ್ಕನ್ನ ಕೊಟ್ಟಿದ್ದಕ್ಕೆ ಇದಾ ಮರ್ಯಾದೆ?"

"ನಿಮ್ಮಕ್ಕನ ಬಾಯಿ ಮುಂದೆ ನಿನ್ನ ಬೆಂಕಿ ತಂಪು ಕಣೋ. ತಟ್ಟೆ ತಳ್ಳು, ಮಾತು ಸಾಕು."

ಒಂದು ದಿನ ತಟ್ಟೆ ತೊಳೆಯುವ ಹೆಂಗಸು ನಿಂತಲ್ಲೇ ಕುಸಿದಳು. ಎತ್ತಿ ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದರೆ, "ಕುರ್ಚಿಯೆಲ್ಲ ಒದ್ದೆ ಮಾಡಿದ್ರಲ್ಲೋ" ಎಂದರು ಯಜಮಾನರು. ಭಾಮೈದ ಒಲೆ ಆರಿಸಿ ಹೊರಗೆ ಬಂದ. ಕೆಲಸದವರಿಗೆ ಒಳಗೊಂದು, ಹೊರಗೊಂದು ಬೆಂಚು ಹಾಕಬೇಕು. ಬೇಡಿಕೆ ಇಷ್ಟೇ. ಸಂಘದಿಂದ ನಾವೂ ಹೋದೆವು. ಎಲ್ಲರೂ ಹೋಟೆಲಿನ ಮೆಟ್ಟಿಲ ಮೇಲೆ ಸಾಲಾಗಿ ಕೂತೆವು. ಗಿರಾಕಿಗಳು ನಮ್ಮನ್ನು ದಾಟಲಾರದೆ ವಾಪಸ್ ಹೋದರು.

ಮೂರನೇ ದಿನ ಯಜಮಾನರು ಬಿರುಗಾಳಿಯೊಬ್ಬನನ್ನೇ ಒಳಗೆ ಕರೆದರು. "ನೀನು ಹಿರಿಯ. ಇವತ್ತಿಂದ ಸೂಪರ್‌ವೈಸರ್. ಗಲ್ಲಾ ಪಕ್ಕ ನಿಂಗೊಂದು ಕುರ್ಚಿ. ಮೊದಲು ನೀನು ಕೂತ್ಕೋ, ಬೆಂಚು ಮುಂದಿನ ತಿಂಗಳು ಬರುತ್ತೆ."

ಮೋಸ ಮಾಡಬೇಕೆಂದು ಕೂತವನಲ್ಲ ಅವನು. ಒಂದು ಕುರ್ಚಿ ಬಂದರೆ ಅದರ ಹಿಂದೆಯೇ ಬೆಂಚೂ ಬರುತ್ತದೆ ಎಂದು ನಂಬಿದ. ಕಾಲೂ ನೋಯುತ್ತಿತ್ತು. ಗಾಜಿನ ಬಾಗಿಲಾಚೆಯಿಂದ ಎಲ್ಲರೂ ನೋಡಿದರು. ಹಿರಿಯನೇ ಕೂತ ಮೇಲೆ ಇನ್ನೇನು? ಒಬ್ಬೊಬ್ಬರೇ ಎದ್ದು ಹೋಗಿ ಏಪ್ರನ್ ಕಟ್ಟಿಕೊಂಡರು. ಭಾಮೈದ ಮಾತ್ರ ಸೀದಾ ಕುರ್ಚಿಯ ಮುಂದೆ ಹೋಗಿ ನಿಂತ.

"ಏಳು ಭಾವ."

"ತಡಿಯೋ. ಬೆಂಚು ಬರುತ್ತೆ ಅಂದಿದಾರೆ."

"ಏಳು ಭಾವ, ಎಲ್ರೂ ನೋಡ್ತಿದಾರೆ."

"ಕಾಲು ನೋಯುತ್ತೆ ಕಣೋ."

"ನಮಗೇನು ಕಟ್ಟಿಗೆ ಕಾಲಾ?" ಎಂದವನು ಬಾಗಿಲು ದಾಟಿ ಹೋದ. ಅಕ್ಕನ ಮನೆಗೂ ಮತ್ತೆ ಬರಲಿಲ್ಲ.

ಬೆಂಚು ಬರಲಿಲ್ಲ. ಬಿರುಗಾಳಿಗೆ ಸಿಕ್ಕ ಹೊಸ ಕೆಲಸವೆಂದರೆ ಯಾರೂ ಒರಗದಂತೆ ನೋಡಿಕೊಳ್ಳುವುದು. "ಏಯ್, ಗೋಡೆ ಬಿಡೋ" ಎಂದು ಕೂತಲ್ಲಿಂದಲೇ ಕೂಗುವುದು. ಹೊಟ್ಟೆ ಬಂತು. ಗಿರಾಕಿಗಳು ಬೇರೆಯವರ ಹೆಸರು ಹಿಡಿದು ಕೇಳತೊಡಗಿದರು. ಸಪ್ಲೈಯರುಗಳು ಬೆನ್ನ ಹಿಂದೆ "ಬಿರುಗಾಳಿ ಬಂತು, ಬಾಗಿಲು ಹಾಕ್ರೋ" ಎಂದು ಕಿಸಕ್ಕನೆ ನಗುತ್ತಿದ್ದರು. ಅವನಿಗೆ ಕೇಳಿಸುತ್ತಿತ್ತು.

ಹೆಂಡತಿ ರಂಪ ಮಾಡಲಿಲ್ಲ. "ಇನ್ನು ಇದು ಬೇಕಾಗಲ್ವಲ್ಲ" ಎಂದು ಎಣ್ಣೆ ಸೀಸೆ ಎತ್ತಿಟ್ಟಳು. "ನಿಮ್ಮ ಒಂದು ಕುರ್ಚಿಗೆ ನನ್ನ ತವರು ಹೋಯ್ತು" ಎಂದು ಒಂದೇ ಒಂದು ಸಲ ಅಂದಳು. ಅವನು ಕುರ್ಚಿ ಬಿಡಲೂ ಇಲ್ಲ, ಭಾಮೈದನನ್ನು ಹುಡುಕಲೂ ಇಲ್ಲ. ಇವತ್ತು ನಾಳೆ ಅನ್ನುತ್ತಲೇ ವರ್ಷಗಳು ಹೋದವು. ಯಜಮಾನರ ಮಗ ಬಂದು "ಇನ್ನು ಮನೇಲಿರಿ" ಎಂದ ಮೇಲೆ ಮನೆಯಲ್ಲಿ ಅವಳ ಮುಖ ನೋಡಿಕೊಂಡೇ ಕೂರಬೇಕಾಯಿತು. ಆಗ ಭಾಮೈದನನ್ನು ಹುಡುಕಿ ಹೊರಟ.

ಭಾಮೈದ ಊರಿನ ಆ ತುದಿಯಲ್ಲಿ ಪುಟ್ಟ ಹೋಟೆಲು ಇಟ್ಟಿದ್ದ. ಮೇಜು ಒರೆಸಲು ಅವನೇ ಬಂದ.

"ಏನ್ ಕೊಡ್ಲಿ ಸಾರ್?"

"ನಾನು ಕಣೋ."

"ಗೊತ್ತಾಯ್ತು. ಏನ್ ಕೊಡ್ಲಿ?"

"ಅವತ್ತು ನೀನು ಏಳು ಅಂದಾಗ ಏಳಬೇಕಿತ್ತು. ತಪ್ಪಾಯ್ತು ಕಣೋ."

"ಊಟ ಬಿಸಿ ಇದೆ ಸಾರ್. ಬೇಗ ಹೇಳಿ, ಹಿಂದೆ ಜನ ಕಾಯ್ತಿದಾರೆ."

ಉಗಿದಿದ್ದರೂ ಬಿರುಗಾಳಿ ತಲೆ ತಗ್ಗಿಸಿ ಉಗಿಸಿಕೊಳ್ಳುತ್ತಿದ್ದ. ಭಾಮೈದ ಉಗಿಯಲಿಲ್ಲ. ಬಡಿಸಿದ, ನೀರು ತುಂಬಿಸಿದ, ಇನ್ನೇನು ಬೇಕು ಸಾರ್ ಎಂದ. ಒಳ್ಳೆಯ ಸಪ್ಲೈಯರ್ ಹೇಗಿರಬೇಕೋ ಹಾಗೇ ಇದ್ದ. ಆ ಕೆಲಸ ಕಲಿತದ್ದು ಕಿಂಡಿಯಿಂದ ಭಾವನನ್ನು ನೋಡಿಯೇ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಏನಂದ?"

"ಸಾರ್ ಅಂದ."

ಗಂಡನ ಮಾನ ಹೋಗಬಾರದೆಂದು ಇಷ್ಟು ವರ್ಷ ತಮ್ಮನ ಜಾಡು ಹಿಡಿಯದೆ ಇದ್ದವಳು ಚಪ್ಪಲಿ ಮೆಟ್ಟಿಕೊಂಡಳು. "ಎಲ್ಲಿ ಅಂತ ಹೇಳಿ. ನಾನು ಹೋಗಿ ಬರ್ತೀನಿ. ನೀವು ಬರಬೇಡಿ."

ಈಗ ವಾರಕ್ಕೊಮ್ಮೆ ಹೋಗುತ್ತಾಳೆ. ಮೊದಲ ಸಲ ಹೋದಾಗ ತಮ್ಮ ಅವಳ ಕಾಲಿಗೆ ಬಿದ್ದು ಅತ್ತನಂತೆ. ಭಾವನ ಸುದ್ದಿ ಅವನು ಕೇಳುವುದಿಲ್ಲ, ಇವಳು ಎತ್ತುವುದಿಲ್ಲ. ಹೊರಡುವಾಗ ಡಬ್ಬಿ ಕಟ್ಟಿಕೊಡುತ್ತಾನೆ, ಒಬ್ಬರಿಗೆ ಆಗುವಷ್ಟು. ಮನೆಗೆ ತಂದು ಅವಳು ಅದನ್ನೇ ಎರಡು ತಟ್ಟೆಗೆ ಹಾಕುತ್ತಾಳೆ. ಮೊನ್ನೆ ನನಗೆ ಸಿಕ್ಕಾಗ ಬಿರುಗಾಳಿ, "ಅವನ ಕೈರುಚಿ ಹಾಗೇ ಇದೆ ಕಣ್ರೀ" ಎಂದ. ಆಮೇಲೆ, "ಹೊಟ್ಟೆ ಮಾತ್ರ ತುಂಬಲ್ಲ" ಎಂದ.