ಸೋಲ್ ಹಾಡಿಗೆ ಲೊಚಗುಟ್ಟಿದ್ದು

ಚಪ್ಪಾಳೆ ತಟ್ಟುವುದು ಹೇಗೆಂದು ನಲವತ್ತೊಂದನೆಯ ವಯಸ್ಸಿನಲ್ಲಿ ಪಾಠ ಹೇಳಿಸಿಕೊಂಡೆ. ಟಿವಿ ಸಂಗೀತ ಕಾರ್ಯಕ್ರಮದ ಸ್ಟುಡಿಯೋ ಅದು. ಹೆಡ್‌ಫೋನ್ ಹಾಕಿಕೊಂಡ ಹೆಂಗಸೊಬ್ಬಳು ಕೈ ಎತ್ತಿದಾಗ ನಾವು ತಟ್ಟಬೇಕು, ಇಳಿಸಿದಾಗ ನಿಲ್ಲಿಸಬೇಕು, ಹಾಡಿನ ನಡುವೆ ಸದ್ದು ಮಾಡಬಾರದು. ಮೈಸೂರಿನ ರಾಮನವಮಿ ಚಪ್ಪರದಲ್ಲಿ ಕಡಲೆಕಾಯಿ ತಿನ್ನುತ್ತ ಕಛೇರಿ ಕೇಳಿದವಳಿಗೆ ಇದು ಪರೀಕ್ಷೆಯ ಹಾಲ್‌ನಂತಿತ್ತು.

ಕರೆದುಕೊಂಡು ಹೋಗಿದ್ದವರು ಪಕ್ಕದ ಮನೆಯ ವಿಲ್ಮಾ, ಎಪ್ಪತ್ತು ದಾಟಿದವರು. ನಾವು ಡಚ್ ನಾಡಿನ ಈ ಹೂಫ್‌ಡಾರ್ಪ್‌ಗೆ ಬಂದು ಮೂರು ವರ್ಷವಾಯಿತು. ಆಫೀಸು, ಬಸ್ಸು, ಪರ್ಮಿಟ್ಟಿನ ಕಾಗದ ಎಂದು ತಿರುಗಿ ಸುಸ್ತಾದ ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟವರು ಇವರೊಬ್ಬರೇ. ಅಂದು ಹಾಡಲಿದ್ದದ್ದು ಅವರು ಯೌವನದಲ್ಲಿ ಮೆಚ್ಚಿದ್ದ ಸೋಲ್ ಗಾಯಕಿ. ಅಮೆರಿಕದ ಚರ್ಚುಗಳ ಹಾಡಿನಿಂದ ಬೆಳೆದ, ಎದೆ ಬಿಚ್ಚಿ ಹಾಡುವ ಗಾಯನ ಅದು.

ಆ ಗಾಯಕಿ ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಎರಡನೆಯ ಚರಣದಲ್ಲಿ ದನಿ ಮೇಲೇರಿ, ಇನ್ನೇನು ಒಡೆಯಿತು ಎನ್ನುವಷ್ಟರಲ್ಲಿ ಸ್ವರಕ್ಕೆ ಬಂದು ನಿಂತಿತು. ನನ್ನ ವಾರದ ದಣಿವೆಲ್ಲ ಕಣ್ಣಿಗೆ ಬಂತು. ತಲೆ ತಾನಾಗಿ ಆಡಿತು, ನಾಲಿಗೆ "ಚ್ಚ್, ಚ್ಚ್" ಎಂದು ಲೊಚಗುಟ್ಟಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ವಿಲ್ಮಾ ಹಿಡಿದುಕೊಂಡಿದ್ದ ನನ್ನ ಕೈಯನ್ನು ಬಿಟ್ಟರು. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು.

ಗಂಡನಿಗೆ ಹೇಳಿದರೆ ಹಣೆ ಚಚ್ಚಿಕೊಂಡರು. "ಅಯ್ಯೋ, ಅಲ್ಲಿ ಹೋಗಿ ಲೊಚಗುಟ್ಟಿದ್ಯಾ? ಇಲ್ಲಿ ಅದು ಛೀ ಅಂದಂಗೆ ಕಣೇ! ಮೀಟಿಂಗಲ್ಲಿ ನಂಗೂ ಆಗಿದೆ."

ಇಲ್ಲಿ ಪಕ್ಕದ ಮನೆಗೂ ಅಫ್‌ಸ್ಪ್ರಾಕ್, ಅಂದರೆ ಮೊದಲೇ ಗೊತ್ತುಮಾಡಿದ ಸಮಯ, ಇಲ್ಲದೆ ಹೋಗುವ ಹಾಗಿಲ್ಲ. ಮರುದಿನ ಅದಿಲ್ಲದೆಯೇ ಹೋಗಿ ಬೆಲ್ ಒತ್ತಿದೆ. ನನ್ನನ್ನು ಒಳಗೆ ಕರೆದ ಒಂದೇ ಮನೆಯನ್ನೂ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

"ಹಿಡಿಸದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು," ಎಂದರು ವಿಲ್ಮಾ, ಇಂಗ್ಲಿಷಿನಲ್ಲಿ. "ಮುದುಕಿಗೆ ದನಿ ಹೋಗಿದೆ ಅಂತ ಪಾಪ ಅಂದೆ, ಅಲ್ಲವೇ?"

"ಇಲ್ಲ ವಿಲ್ಮಾ. ತಡೆಯೋಕಾಗದೆ ಬಂತು. ನಮ್ಮೂರಿನ ಕಛೇರಿಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ."

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. "ಶನಿವಾರ ಸಂಜೆ ಏಳಕ್ಕೆ ಆ ಕಾರ್ಯಕ್ರಮ ಟಿವಿಯಲ್ಲಿ ಬರುತ್ತದೆ, ಬಾ," ಎಂದಷ್ಟೇ ಹೇಳಿದರು.

ಶನಿವಾರ ಜೊತೆಯಲ್ಲಿ ಕೂತು ನೋಡಿದೆವು. ಆ ಸ್ವರ ಬಂತು. ನಾನು ತುಟಿ ಬಿಗಿಹಿಡಿದು, ಮಡಿಲಲ್ಲಿ ಕೈಯಿಟ್ಟು ಕೂತಿದ್ದೆ. ಪಕ್ಕದಿಂದ "ಚ್ಚ್, ಚ್ಚ್" ಎಂದು ಕೇಳಿಸಿತು. ವಿಲ್ಮಾ! ಸ್ವರ ಮುಗಿದು ಎಷ್ಟೋ ಹೊತ್ತಾದ ಮೇಲೆ, ತಾಳ ತಪ್ಪಿ ಲೊಚಗುಟ್ಟಿ, ಸರಿಯಾಯಿತೇ ಎನ್ನುವಂತೆ ನನ್ನತ್ತ ಹುಬ್ಬೇರಿಸಿದರು. ನನಗೆ ಅಳು ಬಂತು. ಸರಿ ಎಂದು ತಲೆಯಾಡಿಸಿದೆ. ಅವರ ಜೊತೆ ನಾನೂ ಲೊಚಗುಟ್ಟೋಣ ಎಂದುಕೊಂಡರೆ ನಾಲಿಗೆ ಏಳಲಿಲ್ಲ. ಇಲ್ಲಿಯವಳ ಹಾಗೆ, ಚಪ್ಪಾಳೆ ತಟ್ಟಲು ಹಾಡು ಮುಗಿಯಲಿ ಎಂದು ಕಾಯುತ್ತಿದ್ದೆ.