ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಹಾಲಿನವನ ಕ್ಯಾನು, ತರಕಾರಿಯವನ ತಕ್ಕಡಿ, ಯಾವುದನ್ನೂ ಸುಮ್ಮನೆ ನಂಬಿದವಳಲ್ಲ. ಈ ಬುದ್ಧಿಗೇ ಪುಣೆಯ ಹತ್ತಿರದ ಚಿಂಚವಾಡದ ಕಾರ್ಖಾನೆಯಲ್ಲಿ ನನಗೆ ಸಂಬಳ ಕೊಡುತ್ತಿದ್ದರು. ಉಪಗ್ರಹದೊಳಗೆ ಕೂರುವ ಪೆಟ್ಟಿಗೆಗಳನ್ನು ಜೋಡಿಸುವ, ಧೂಳೇ ಸುಳಿಯಬಾರದ ಕ್ಲೀನ್‌ರೂಮು ಅಲ್ಲಿತ್ತು. ಒಂದು ಕೂದಲು ಒಳಗೆ ಉಳಿದರೂ, ಮೇಲೆ ಹೋದಮೇಲೆ ಅದನ್ನು ತೆಗೆಯಲು ಯಾರಪ್ಪನಿಂದಲೂ ಆಗದು. ದಿನಾ ಕೋಣೆಗೆ ವ್ಯಾಕ್ಯೂಮ್ ಹೊಡೆದಾದ ಮೇಲೆ ನಾನು ಬಿಳಿ ಬಟ್ಟೆಯಿಂದ ನೆಲ ಉಜ್ಜಿ, ದೀಪಕ್ಕೆ ಹಿಡಿದು ನೋಡುತ್ತಿದ್ದೆ.

ಒಂದು ದಿನ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು. ಕುಂಕುಮ! ನೋಡಿದ ಕೂಡಲೇ ಗೊತ್ತಾಯಿತು. ನನ್ನ ಅನುಮಾನ ನೇರ ಹೋಗಿ ನಿಂತದ್ದು, ಅಲ್ಲಿಯವರ ಮರಾಠಿಯಲ್ಲಿ ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಕೆಲಸದಾಕೆಯ ಹಣೆಯ ಮೇಲೆ. ಕೋಣೆ ಸ್ವಚ್ಛ ಮಾಡುತ್ತಿದ್ದವಳು ಆಕೆಯೊಬ್ಬಳೇ. ಅಫಜಲಪುರದ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಒಳಗೆ ಅದೆಲ್ಲ ನಡೆಯದೆಂದು ದಿನಾ ಮುಖ ತೊಳೆದೇ ಹೋಗುತ್ತಿದ್ದಳು.

“ಇವತ್ತೂ ತೊಳಕೊಂಡೇ ಹೋಗೀನ್ರಿ ಬಾಯಾರ.”

“ಮತ್ತ ಇದೇನು ಆಕಾಶದಿಂದ ಉದುರಿತೇನ್ರಿ?”

ಮರುದಿನವೂ ಚುಕ್ಕೆ. ಟಾರ್ಚು ಹಿಡಿದು ಆಕೆಯ ಬೈತಲೆ, ಕಿವಿಯ ಹಿಂಬದಿ, ಉಗುರು ಎಲ್ಲ ನೋಡಿದೆ. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು. ಎಲ್ಲೋ ಬಚ್ಚಿಟ್ಟುಕೊಂಡು ಒಳಗೆ ಹೋಗಿ ಹಚ್ಚಿಕೊಳ್ಳುತ್ತಾಳೆ, ಕಳ್ಳಿ! “ಇನ್ನ ಮ್ಯಾಲೆ ಮನ್ಯಾಗೂ ಹಚ್ಚಬ್ಯಾಡ್ರಿ,” ಎಂದು ತಾಕೀತು ಮಾಡಿದೆ. ಆಕೆಯ ಗಂಡ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ, ಈ ಕೆಲಸ ಹೋದರೆ ಮನೆಗೆ ಬೇರೆ ಗತಿಯಿರಲಿಲ್ಲ. ಮರುದಿನದಿಂದ ಬೋಳು ಹಣೆಯಲ್ಲೇ ಬಂದಳು.

ಚುಕ್ಕೆ ಮಾತ್ರ ನಿಲ್ಲಲಿಲ್ಲ. ಮ್ಯಾನೇಜರರಿಗೆ ಹೇಳಿದೆ. ಅವರು ಆಕೆಯನ್ನು ಶೌಚಾಲಯ ತೊಳೆಯಲು ಹಾಕಿದರು, ತಿಂಗಳ ಕೊನೆಗೆ ಕೆಲಸದಿಂದ ಬಿಡಿಸುವುದೆಂದೂ ತೀರ್ಮಾನವಾಯಿತು. ಈಗ ಹೇಳಲು ನಾಚಿಕೆಯಾಗುತ್ತದೆ, ನಾನು ಗೆದ್ದೆನೆಂದು ಖುಷಿಪಟ್ಟೆ.

ಬದಲಿ ಜನ ಸಿಗದೆ ಮರುದಿನ ನಾನೇ ವ್ಯಾಕ್ಯೂಮ್ ಎಳೆದಾಡಿದೆ. ಹೀರಿದ ಧೂಳಿನ ಒಂದು ಕಣವನ್ನೂ ಹೊರಗೆ ಬಿಡದ ದುಬಾರಿ ಯಂತ್ರ ಅದು. ಮುಗಿಸಿ ಬಟ್ಟೆ ಉಜ್ಜಿದೆ. ಕೆಂಪು. ಕೋಣೆಯಲ್ಲಿದ್ದವಳು ನಾನೊಬ್ಬಳೇ. ಯಂತ್ರವನ್ನು ಮಗುಚಿ ನೋಡಿದರೆ, ಹಿಂದಿನ ಚಕ್ರದ ಸಂದಿಯಲ್ಲಿ ಕುಂಕುಮ ಮೆತ್ತಿತ್ತು.

ಹಚ್ಚಿದವಳು ನಾನೇ. ಖಂಡೇನವಮಿಯ ಆಯುಧಪೂಜೆಯ ದಿನ ಫಿಲ್ಟರ್ ಬದಲಿಸಲು ಅದನ್ನು ಹೊರಗಿಟ್ಟಿದ್ದರು. ಲೇಥು, ಡ್ರಿಲ್ಲುಗಳಿಗೆಲ್ಲ ಚೆಂಡುಹೂವಿನ ಮಾಲೆ ಬಿದ್ದಿತ್ತು. ಪಾಪ, ಇದೊಂದನ್ನೇ ಯಾಕೆ ಬಿಡಬೇಕು ಎಂದು ಬೊಟ್ಟಿಟ್ಟು, ಕೈಮುಗಿದು, ಆಮೇಲೆ ಚೆನ್ನಾಗಿ ಒರೆಸಿದ್ದೆ. ಒರೆಸಿದವಳು ನಾನಾದ್ದರಿಂದ ಅದರ ಮೇಲೆ ಅನುಮಾನವೇ ಬಂದಿರಲಿಲ್ಲ.

ಮ್ಯಾನೇಜರರ ಮುಂದೆ ತಪ್ಪೊಪ್ಪಿಕೊಂಡು, ಅವರಿಂದ ಬೈಸಿಕೊಂಡು, ಮಾವಶಿಯನ್ನು ಹುಡುಕಿಕೊಂಡು ಓಡಿದೆ. ಶೌಚಾಲಯದ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಳು.

“ತಪ್ಪು ನಂದ್ರಿ ಮಾವಶಿ. ನಿಮ್ಮ ಕೆಲಸ ಎಲ್ಲೂ ಹೋಗಂಗಿಲ್ಲ. ನಾಳಿಂದ ಕೋಣಿಗೇ ಬರ್ರಿ.”

ಆಕೆ ಬಕೆಟ್ ಕೆಳಗಿಟ್ಟಳು.

“ಬರ್ತೀನ್ರಿ, ಹೊಟ್ಟಿಪಾಡು. ಆದ್ರ ನಮ್ಮ ಮನಿಯವರು ನನ್ನ ಬೋಳು ಹಣಿ ನೋಡಿ, ‘ಡಾಕ್ಟರು ನಿನಗೇನು ಹೇಳ್ಯಾರ, ನನಗೂ ಹೇಳು’ ಅಂತ ಕುಂತಾರ. ಮೂರು ದಿನ ಆತು, ಊಟ ಬಿಟ್ಟಾರ. ನಾ ಎಷ್ಟು ಹೇಳಿದ್ರೂ ನಂಬವಲ್ರು. ನೀವೇ ಬಂದು ಹೇಳ್ರಿ, ಬಾಯಾರ.”